ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್

ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಛಾಯಾಚಿತ್ರಗಳನ್ನು ಕುರಿತು ಬರೆದವರು ಅನೇಕರು. ನನಗೆ ಅವುಗಳಿಗಿಂತಲೂ ಹಿಡಿಸಿದ್ದು, ಇತರರ ಚಿತ್ರಗಳನ್ನು ಆತನು ನೋಡುತ್ತಿದ್ದ ರೀತಿ. ಆದುದರಿಂದ ಆತನ ಜೀವನದ ಆ ಭಾಗವನ್ನೇ ಇಲ್ಲಿ ಹೆಚ್ಚಾಗಿ ಹೇಳುತ್ತೇನೆ. ಉಳಿದುದನ್ನು ವಾಚಕರು ಗ್ರಂಥಾಲಯದಲ್ಲಿ ಹುಡುಕಿಕೊಳ್ಳಬಹುದು.

ಸ್ಟೀಗ್ಲಿಟ್ಸ್ 1864ರ ಜನವರಿ 1ರಂದು ಅಮೆರಿಕದ ಹೊಬೋಕನ್ ಪಟ್ಟಣದಲ್ಲಿ ಜನಿಸಿದನು. ತಂದೆ ಜರ್ಮನಿಯಿಂದ ಬಂದು ಉಣ್ಣೆ ವ್ಯಾಪಾರದಲ್ಲಿ ಅನುಕೂಲಸ್ಥನಾದವನು. ಇಂಜಿನಿಯರಿಂಗ್ ಓದಲೆಂದು ಮಗನನ್ನು ಬರ್ಲಿನ್ನಿಗೆ ಕಳುಹಿಸಿದರೆ, ಅವನು ರಸಾಯನಶಾಸ್ತ್ರಜ್ಞ ಫೋಗೆಲ್‌ನ ಬಳಿ ಸೇರಿ ಛಾಯಾಗ್ರಹಣವನ್ನು ಕಲಿತನು. 1887ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಹವ್ಯಾಸಿಗಳಿಗಾಗಿ ಸ್ಪರ್ಧೆ ಏರ್ಪಡಿಸಿತು. ಅದಕ್ಕೆ ಆತನು ಇಟಲಿಯಲ್ಲಿ ತೆಗೆದ ನಗುವ ಮಕ್ಕಳ ಚಿತ್ರವನ್ನು ಕಳುಹಿಸಿದನು. ತೀರ್ಪುಗಾರ ಪೀಟರ್ ಹೆನ್ರಿ ಎಮರ್ಸನ್ ಪ್ರಥಮ ಬಹುಮಾನ ಕೊಟ್ಟದ್ದಲ್ಲದೆ, ಬಂದ ಚಿತ್ರಗಳಲ್ಲೆಲ್ಲ ಸಹಜವಾಗಿ ಮೂಡಿದ್ದು ಅದೊಂದೇ ಎಂದು ತಿಳಿಸಿದನು. ಇಪ್ಪತ್ಮೂರರ ತರುಣನಿಗೆ ಪದಕಕ್ಕಿಂತ ಆ ಮಾತೇ ಹೆಚ್ಚಿನದಾಗಿದ್ದಿರಬೇಕು.

ಎಲ್ಲರೂ ಎಮರ್ಸನ್ನರಲ್ಲವಷ್ಟೆ. 1893ರ ಫೆಬ್ರವರಿ 22ರಂದು ನ್ಯೂಯಾರ್ಕಿನಲ್ಲಿ ಹಿಮಪಾತವಾಗುತ್ತಿದ್ದಾಗ ಸ್ಟೀಗ್ಲಿಟ್ಸ್ ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಮೂರು ಗಂಟೆಗಳ ಕಾಲ ನಿಂತು, ಕುದುರೆಗಾಡಿಯೊಂದು ಬಂದಾಗ ಚಿತ್ರ ತೆಗೆದನು. ನೆಗೆಟಿವ್ ನೋಡಿದ ಸಂಘದ ಗೆಳೆಯರು ಮಂಜುಮಂಜಾಗಿದೆ, ಎಸೆದುಬಿಡು ಎಂದು ನಕ್ಕರು. ಆತನು ಎಸೆಯಲಿಲ್ಲ, ಬೇಡದ ಅಂಚುಗಳನ್ನು ಬಿಟ್ಟು ಅಚ್ಚು ಹಾಕಿದನು. ಅದು ಇಂದಿಗೂ ಆತನ ಪ್ರಸಿದ್ಧ ಚಿತ್ರಗಳಲ್ಲೊಂದು.

ನಾನು ವಾಸವಾಗಿರುವ ಜಯಲಕ್ಷ್ಮಿಪುರಂನಲ್ಲಿ ಬೆಳಗಿನ ಹೊತ್ತು ಕಾಳಿದಾಸ ರಸ್ತೆಯ ಮರಗಳನ್ನು ಮೊಬೈಲಿನಲ್ಲಿ ಸೆರೆಹಿಡಿಯುವ ಹುಡುಗರು ಹಲವರು. ಟಿ. ಎಸ್. ಸತ್ಯನ್ನರಂತಹ ಛಾಯಾಗ್ರಾಹಕರು ಹುಟ್ಟಿದ ಊರಲ್ಲವೆ! ತೆಗೆದುದನ್ನು ತೋರಿಸಿದರೆ ಗೆಳೆಯರು ಸೂಪರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನಾನು ಬರೆದುದೆಲ್ಲವೂ ತೆಗೆದುದೆಲ್ಲವೂ ಅಪ್ಪನಿಗೆ ಚೆನ್ನ. ಆ ಪ್ರೀತಿ ದೊಡ್ಡದು. ಆದರೆ ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂದು ಹೇಳುವವರು ನಮ್ಮಂಥವರಿಗೆ ಸಿಗುವುದು ಅಪರೂಪ. ಪಾಲ್ ಸ್ಟ್ರ್ಯಾಂಡ್‌ಗೆ ಅಂಥವನೊಬ್ಬ ಸಿಕ್ಕಿದನು.

ಆ ವೇಳೆಗೆ ಸ್ಟೀಗ್ಲಿಟ್ಸ್ 1903ರಿಂದ ‘ಕ್ಯಾಮೆರಾ ವರ್ಕ್’ ಎಂಬ ಪತ್ರಿಕೆಯನ್ನೂ 1905ರಿಂದ ‘291’ ಎಂದು ಹೆಸರಾದ ಚಿತ್ರಶಾಲೆಯನ್ನೂ ನಡೆಸುತ್ತಿದ್ದನು. 1907ರಲ್ಲಿ ಶಾಲಾ ಉಪಾಧ್ಯಾಯ ಲೂಯಿಸ್ ಹೈನ್ ತನ್ನ ಶಿಷ್ಯರನ್ನು ಅಲ್ಲಿಗೆ ಕರೆತಂದನು. ಅವರಲ್ಲಿ ಹದಿಹರೆಯದ ಸ್ಟ್ರ್ಯಾಂಡ್ ಇದ್ದನು. ಮುಂದೆ ಅವನು ತನ್ನ ಚಿತ್ರಗಳನ್ನು ಆಗಾಗ ತಂದು ತೋರಿಸತೊಡಗಿದನು. ಮೃದುವಾಗಿ ಮಸುಕುಗೊಳಿಸುವ ಮಸೂರ ಆಗಿನ ಷೋಕಿ. ಅವನೂ ಅದನ್ನೇ ಬಳಸುತ್ತಿದ್ದನು. ಚಿತ್ರ ಕೆಟ್ಟದೆಂದು ಸ್ಟೀಗ್ಲಿಟ್ಸ್ ತಳ್ಳಿಹಾಕಲಿಲ್ಲ, ಬೆನ್ನು ತಟ್ಟಿ ಕಳುಹಿಸಲೂ ಇಲ್ಲ. ಈ ಮಸೂರದಲ್ಲಿ ಹುಲ್ಲು ನೀರಿನಂತೆ, ನೀರು ಮರದ ತೊಗಟೆಯಂತೆ ಕಾಣುತ್ತಿದೆ, ಒಂದೊಂದು ವಸ್ತುವಿಗೂ ಇರುವ ತನ್ನತನವೇ ಅಳಿಸಿಹೋಗುತ್ತಿದೆ ಎಂದು ಬೆರಳಿಟ್ಟು ತೋರಿಸಿದನು. ನನ್ನ ಮಟ್ಟಿಗೆ ವಿಮರ್ಶೆಯೆಂದರೆ ಇದು. ಹೇಳಿದ್ದು ಹುಲ್ಲಿನ ಮಾತು, ನೀರಿನ ಮಾತು. ಹುಡುಗನ ಯೋಗ್ಯತೆಯ ಮಾತಲ್ಲ.

ಸ್ಟ್ರ್ಯಾಂಡ್ ಹೋಗಿ ದುಡಿದನು. 1915ರಲ್ಲಿ ಅವನು ತಂದ ಚಿತ್ರಗಳಲ್ಲಿ ಮಸುಕು ಹೋಗಿತ್ತು. ಬ್ಯಾಂಕಿನ ಬೃಹತ್ತಾದ ಕಪ್ಪು ಕಿಟಕಿಗಳ ಕೆಳಗೆ ಇರುವೆಗಳಂತೆ ನಡೆದುಹೋಗುವ ಜನರ ‘ವಾಲ್ ಸ್ಟ್ರೀಟ್’ ಚಿತ್ರ ಆ ವರ್ಷದ್ದೇ. ಮರುವರ್ಷ ಸ್ಟೀಗ್ಲಿಟ್ಸ್ ತನ್ನ ಚಿತ್ರಶಾಲೆಯಲ್ಲಿ ಅವನ ಪ್ರದರ್ಶನ ಏರ್ಪಡಿಸಿದನು.

ಆತನು ಸಾಧುಸ್ವಭಾವದವನೇನೂ ಆಗಿರಲಿಲ್ಲ. ಹಟಮಾರಿ, ಜಗಳಗಂಟನೆಂದರೂ ಸಲ್ಲುತ್ತದೆ. 1908ರಲ್ಲಿ ನ್ಯೂಯಾರ್ಕಿನ ಕ್ಯಾಮೆರಾ ಕ್ಲಬ್ಬು ಆತನನ್ನು ಹೊರಹಾಕಿತ್ತು. ಪತ್ರಿಕೆಗೂ ಕೊನೆಗೆ ನಲವತ್ತು ಮಂದಿ ಚಂದಾದಾರರು ಸಹ ಉಳಿಯಲಿಲ್ಲ. 1917ರ ಜೂನಿನಲ್ಲಿ ಅದರ ಕಡೆಯ ಸಂಚಿಕೆ ಹೊರಬಂತು. ಅದರಲ್ಲಿ ಅಚ್ಚಾದ ಛಾಯಾಚಿತ್ರಗಳೆಲ್ಲವೂ ಪಾಲ್ ಸ್ಟ್ರ್ಯಾಂಡ್‌ನವು.