ಹಾಫ್ಕಿನ್ ಮತ್ತು ಪ್ಲೇಗಿನ ಲಸಿಕೆ

ಪ್ಲೇಗು ಎಂದರೆ ನಮ್ಮ ವಯಸ್ಸಿನವರಿಗೆ ಪಠ್ಯಪುಸ್ತಕದ ಒಂದು ಸಾಲು. ಆದರೆ ನಮ್ಮ ಡಂಬಳ, ಗದಗ, ಹುಬ್ಬಳ್ಳಿ ಎಲ್ಲವೂ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಅದು ನಮ್ಮ ಕಡೆಯ ಊರುಗಳನ್ನೇ ಖಾಲಿ ಮಾಡಿಸಿತ್ತು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಉರ್ದುವಿನಲ್ಲಿ ಇದಕ್ಕೆ ತಾಊನ್ ಎನ್ನುತ್ತಾರೆ. ಜ್ವರ ಬರುವುದು, ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದು, ಕೆಲವೇ ದಿನಗಳಲ್ಲಿ ಮನುಷ್ಯ ಹೋಗಿಬಿಡುವುದು. ಆಗ ಇದಕ್ಕೆ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅದಕ್ಕೂ ಸುಮಾರು ಐವತ್ತು ವರ್ಷ ಮೊದಲೇ ಈ ರೋಗ ಬಾರದಂತೆ ತಡೆಯುವ ಲಸಿಕೆಯೊಂದನ್ನು ಮುಂಬೈಯಲ್ಲಿ ಕುಳಿತು ಮಾಡಿದವರು ವಾಲ್ಡೆಮಾರ್ ಹಾಫ್ಕಿನ್. ಮುಂಬೈಯ ಪರೇಲಿನಲ್ಲಿರುವ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಅವರ ಹೆಸರಿನದೇ. ಅವರ ಬಗ್ಗೆ ಓದುತ್ತಾ ಹೋದಂತೆ ನನಗೆ ವಿಜ್ಞಾನಕ್ಕಿಂತ ಅವರಿಗಾದ ಅನ್ಯಾಯವೇ ಹೆಚ್ಚು ಕಾಡಿತು. ಅದಕ್ಕೇ ಈ ಲೇಖನ.

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನಿನಲ್ಲಿರುವ ಒಡೆಸ್ಸಾ ಎಂಬ ಬಂದರು ನಗರದಲ್ಲಿ. ಯಹೂದಿ ಮನೆತನ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕಾಫ್ ಅವರಿಗೆ ಗುರುಗಳಾಗಿದ್ದರು. ಅಲ್ಲಿ ಯಹೂದಿಗಳ ಮೇಲೆ ದಂಗೆಗಳಾದಾಗ ತಮ್ಮ ಜನರ ರಕ್ಷಣೆಗೆ ನಿಂತು ಏಟು ತಿಂದರು, ಜೈಲಿಗೂ ಹೋಗಿ ಬಂದರು. ಕ್ರೈಸ್ತ ಧರ್ಮಕ್ಕೆ ಸೇರಿದ್ದರೆ ಪ್ರಾಧ್ಯಾಪಕರ ಹುದ್ದೆ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್ಸಿಗೆ ಹೋದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ. ಅದನ್ನೇ ಹಿಡಿದರು. ಪುಸ್ತಕದ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ಕೂರುತ್ತಿದ್ದರು.

ಅಲ್ಲಿ ಅವರು ಮೊದಲು ಹಿಡಿದದ್ದು ಕಾಲರಾ. 1892ರ ಜುಲೈ 18ರಂದು ತಾವು ತಯಾರಿಸಿದ ಕಾಲರಾ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಹೋಯಿತು. ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ರಾಯಭಾರಿ. ಕಾಲರಾ ಮೇಲೆ ಕೆಲಸ ಮಾಡಬೇಕಾದರೆ ಹಿಂದೂಸ್ತಾನಕ್ಕೆ ಹೋಗುವುದು ಒಳ್ಳೆಯದು ಎಂದು ಸಲಹೆ ಕೊಟ್ಟವರು ಅವರೇ. 1893ರಲ್ಲಿ ಹಾಫ್ಕಿನ್ ಕಲ್ಕತ್ತಾಕ್ಕೆ ಬಂದರು.

ಬಂದವನು ಹೊರಗಿನವನು, ಕೈಯಲ್ಲಿ ಸೂಜಿ. ಯಾರು ನಂಬುತ್ತಾರೆ? 1894ರಲ್ಲಿ ಕಲ್ಕತ್ತಾದ ಕಟ್ಟಲ್ ಬಾಗಾನ್ ಎಂಬ ಬಡವರ ಬಸ್ತಿಗೆ ಹೋದಾಗ ಜನ ಹತ್ತಿರ ಬರಲಿಲ್ಲ. ಆಗ ಅವರ ಜೊತೆಗಿದ್ದ ಭಾರತೀಯ ವೈದ್ಯರು ಎಲ್ಲರ ಎದುರಿಗೆ ಸೂಜಿ ಹಾಕಿಸಿಕೊಂಡು ತೋರಿಸಿದರು. ಬಸ್ತಿಯ ಸುಮಾರು 200 ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆ ಮೇಲೆ ಅಲ್ಲಿ 10 ಜನಕ್ಕೆ ಕಾಲರಾ ಬಂತು, 7 ಜನ ತೀರಿಕೊಂಡರು. ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರೇ. ಒಂದೇ ಓಣಿ, ಒಂದೇ ಕೆರೆಯ ನೀರು, ಅರ್ಧ ಜನಕ್ಕೆ ಲಸಿಕೆ ಆಗಿದೆ, ಅರ್ಧ ಜನಕ್ಕೆ ಇಲ್ಲ. ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕೆ? ಜನರನ್ನು ಒತ್ತಾಯಿಸಬಾರದು, ಒಪ್ಪಿದವರಿಗಷ್ಟೇ ಹಾಕಬೇಕು ಎಂಬುದು ಹಾಫ್ಕಿನ್ ಅವರ ನಿಯಮವಾಗಿತ್ತು.

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿ ಭಾಗದಲ್ಲಿ ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್ಕಿನ್‌ರನ್ನು ಅಲ್ಲಿಗೆ ಕಳಿಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅವರಿಗೆ ಸಿಕ್ಕ ಪ್ರಯೋಗಶಾಲೆ ಇಷ್ಟೇ.

ಪ್ಲೇಗಿನ ರೋಗಾಣುವನ್ನು 1894ರಲ್ಲಿ ಹಾಂಕಾಂಗಿನಲ್ಲಿ ಯೆರ್ಸಿನ್ ಆಗಲೇ ಕಂಡುಹಿಡಿದಿದ್ದರು. ಅದು ಇಲಿಯ ಚಿಗಟದ ಮೂಲಕ ಮನುಷ್ಯನಿಗೆ ಬರುತ್ತದೆ ಎಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ. ಅದನ್ನು 1898ರಲ್ಲಿ ಕರಾಚಿಯಲ್ಲಿ ಸಿಮೊಂದ್ ತೋರಿಸಿದರು. ಅಂದರೆ ರೋಗ ಹೇಗೆ ಹರಡುತ್ತದೆ ಎಂದು ತಿಳಿಯುವ ಮೊದಲೇ ಹಾಫ್ಕಿನ್ ತಡೆಯುವ ದಾರಿ ಹುಡುಕಿದರು. ಅವರ ವಿಧಾನ ನನಗೆ ಬಹಳ ಹಿಡಿಸಿತು. ಮಾಂಸದ ಸಾರಿನಲ್ಲಿ ರೋಗಾಣು ಬೆಳೆಸಬೇಕು. ದನದ್ದಾದರೆ ಹಿಂದೂಗಳು ಒಪ್ಪುವುದಿಲ್ಲ, ಹಂದಿಯದಾದರೆ ಮುಸ್ಲಿಮರು ಒಪ್ಪುವುದಿಲ್ಲ. ಅವರು ಆಡಿನ ಮಾಂಸ ಬಳಸಿದರು. ಆ ಸಾರಿನ ಮೇಲೆ ಸ್ವಲ್ಪ ತುಪ್ಪ ಅಥವಾ ಕೊಬ್ಬರಿ ಎಣ್ಣೆ ತೇಲಿಬಿಡುತ್ತಿದ್ದರು. ಪ್ಲೇಗಿನ ರೋಗಾಣುಗಳು ಆ ತುಪ್ಪದ ಹನಿಗಳಿಗೆ ಅಂಟಿಕೊಂಡು ಬಿಳಲುಗಳಂತೆ ಕೆಳಗೆ ಜೋತುಬೀಳುತ್ತವೆ. ಹೀಗೆ ಜೋತುಬಿದ್ದರೆ ಅದು ಪ್ಲೇಗಿನದೇ ಎಂದು ಗುರುತಿಸಲೂ ಅನುಕೂಲವಾಗುತ್ತಿತ್ತು. ಪಾತ್ರೆಯನ್ನು ಅಲುಗಾಡಿಸಿದರೆ ಬಿಳಲುಗಳು ಉದುರಿ ತಳ ಸೇರುತ್ತವೆ, ಮೇಲೆ ಹೊಸವು ಬೆಳೆಯುತ್ತವೆ. ಹಲವು ವಾರ ಬೆಳೆಸಿದ ಮೇಲೆ 65 ಡಿಗ್ರಿ ಶಾಖದಲ್ಲಿ ಒಂದು ತಾಸು ಇಟ್ಟು ರೋಗಾಣುಗಳನ್ನು ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಸತ್ತ ರೋಗಾಣು ರೋಗ ತರುವುದಿಲ್ಲ, ಆದರೆ ದೇಹಕ್ಕೆ ಶತ್ರುವಿನ ಗುರುತು ಸಿಗುತ್ತದೆ.

1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತಮಗೇ. ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿದರು. ಸೂಜಿ ಹಾಕುವ ದಿನವೇ ರೋಗ ತಗುಲಿದ್ದವರನ್ನು ಬಿಟ್ಟರೆ, ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ರೋಗ ಬಂತು, ಯಾರೂ ಸಾಯಲಿಲ್ಲ. ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತರು.

ಆ ಕಾಲದಲ್ಲಿ ಸರ್ಕಾರದ ದಾರಿ ಬೇರೆಯೇ ಇತ್ತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಕೊರೊನಾ ಕಾಲದಲ್ಲಿ ನಾವು ಕೇಳಿದ್ದು ಅದೇ ಕಾಯ್ದೆಯ ಹೆಸರನ್ನು. ಮನೆಗೆ ನುಗ್ಗಿ ಹುಡುಕುವುದು, ಸಾಮಾನು ಸುಡುವುದು, ರೋಗಿಯನ್ನು ಎಳೆದೊಯ್ಯುವುದು, ಪರ್ದಾದಲ್ಲಿರುವ ಹೆಣ್ಣುಮಕ್ಕಳನ್ನು ಪರೀಕ್ಷಿಸುವುದು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಇದೇ ಸಿಟ್ಟಿನಿಂದ. 1898ರ ಮಾರ್ಚಿನಲ್ಲಿ ಮುಂಬೈಯ ಮುಸ್ಲಿಂ ನೇಕಾರರ ಓಣಿಯಲ್ಲಿ ಒಬ್ಬ ಹುಡುಗಿಯನ್ನು ಪರೀಕ್ಷಿಸಲು ಹೋದಾಗ ಗಲಭೆಯೇ ಆಯಿತು. ಜನರ ಪ್ರಾಣ ಉಳಿಸಲು ಬಂದವರನ್ನೇ ಜನ ಹೆದರಿ ಹೊಡೆಯುವಂತಾಗಿತ್ತು.

ಇಂಥ ಹೊತ್ತಿನಲ್ಲಿ ಹಾಫ್ಕಿನ್ ಅವರ ಬೆನ್ನಿಗೆ ನಿಂತವರು ಖೋಜಾ ಇಸ್ಮಾಯಿಲಿಗಳ ಇಮಾಮ್, ಮೂರನೆಯ ಆಗಾ ಖಾನ್ ಸುಲ್ತಾನ್ ಮುಹಮ್ಮದ್ ಶಾಹ್. ಮುಂದೆ ಅಲೀಗಢ ಕಾಲೇಜು ವಿಶ್ವವಿದ್ಯಾಲಯವಾಗಲು ಹಣ ಕೂಡಿಸಿದವರೂ ಇವರೇ. 1897ರಲ್ಲಿ ಅವರಿಗೆ ಹತ್ತೊಂಬತ್ತು ವರ್ಷ, ಅಂದರೆ ನಮಗಿಂತ ಎರಡೇ ವರ್ಷ ದೊಡ್ಡವರು. ಲಸಿಕೆಗೆ ಹೆದರುತ್ತಿದ್ದ ತಮ್ಮ ಜಮಾಅತಿನ ಎದುರಿಗೆ ತಾವೇ ಸೂಜಿ ಹಾಕಿಸಿಕೊಂಡರು, ಅದೂ ಒಂದಕ್ಕಿಂತ ಹೆಚ್ಚು ಸಲ. ಸಾವಿರಾರು ಖೋಜಾಗಳು ಅವರನ್ನು ನೋಡಿ ಮುಂದೆ ಬಂದರು. ಪ್ರಯೋಗಶಾಲೆಗೆ ಜಾಗ ಸಾಲದಾದಾಗ ತಮ್ಮ ಖುಸ್ರೋ ಲಾಜ್ ಎಂಬ ಬಂಗಲೆಯನ್ನೇ ಬಿಟ್ಟುಕೊಟ್ಟರು. ರಷ್ಯಾದಿಂದ ಓಡಿಬಂದ ಯಹೂದಿಯ ಲಸಿಕೆ ಮುಸ್ಲಿಮರ ಬಂಗಲೆಯಲ್ಲಿ, ಆಡಿನ ಸಾರು ಮತ್ತು ತುಪ್ಪದಲ್ಲಿ ತಯಾರಾಯಿತು! ಸರ್ಕಾರ ಸಿಪಾಯಿಗಳಿಂದ ಮಾಡಿಸಲಾಗದ್ದನ್ನು ನಂಬಿಕೆಯಿರುವ ಒಬ್ಬ ತರುಣ ತೋಳು ಚಾಚಿ ಮಾಡಿಸಿದ.

ನಮ್ಮ ಜಿಲ್ಲೆಯ ಪಾತ್ರ ಬರುವುದು ಇಲ್ಲಿ. 1898ರಲ್ಲಿ ರೈಲ್ವೆ ಮತ್ತು ಹತ್ತಿಯ ಊರಾದ ಹುಬ್ಬಳ್ಳಿಗೆ ಪ್ಲೇಗು ಜೋರಾಗಿ ಬಂತು. ಲ್ಯೂಮನ್ ಎಂಬ ಸೈನ್ಯದ ವೈದ್ಯರು ಮೇ ತಿಂಗಳಿಂದ ಅಲ್ಲಿ ಹಾಫ್ಕಿನ್ ಲಸಿಕೆ ಹಾಕಲು ಶುರು ಮಾಡಿದರು. ಮಳೆಗಾಲ ಕಳೆಯುವ ಹೊತ್ತಿಗೆ ಊರಿನ ಬಹುಪಾಲು ಜನ ಹಾಕಿಸಿಕೊಂಡಿದ್ದರು. ಒಂದು ಇಡೀ ಊರು ಹೀಗೆ ಲಸಿಕೆಗೆ ಬಂದದ್ದು ಆಗ ದೊಡ್ಡ ಸುದ್ದಿ. ಧಾರವಾಡದಲ್ಲಿ, ನಮ್ಮ ಗದಗಿನಲ್ಲಿ ಕೂಡ ಲಸಿಕೆ ನಡೆಯಿತು. 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಹಾಫ್ಕಿನ್ ತಮ್ಮ ಕೆಲಸ ವಿವರಿಸಿದಾಗ ಹುಬ್ಬಳ್ಳಿಯ ಅಂಕಿಗಳನ್ನೂ ಮುಂದಿಟ್ಟರು.

ಆ ಅಂಕಿಗಳ ಮೇಲೆ ತಕರಾರೂ ಬಂತು. ಲಸಿಕೆ ಹಾಕಿಸಿಕೊಂಡವರ ಹೆಸರು ರಿಜಿಸ್ಟರಿನಲ್ಲಿ ಇರುತ್ತದೆ. ಹಾಕಿಸಿಕೊಳ್ಳದವರು ಎಷ್ಟು ಜನ ಊರಲ್ಲಿ ಉಳಿದಿದ್ದರು, ಎಷ್ಟು ಜನ ಹೊಲಕ್ಕೆ ಓಡಿದ್ದರು ಎಂದು ಯಾರು ಬರೆದಿಟ್ಟಿದ್ದಾರೆ? ಅಕೌಂಟೆನ್ಸಿ ಓದುವ ನನಗೆ ಈ ತಕರಾರು ನ್ಯಾಯವಾಗಿಯೇ ಕಾಣುತ್ತದೆ. ಭಾರತ ಪ್ಲೇಗ್ ಆಯೋಗ ಎಲ್ಲವನ್ನೂ ಜಾಲಾಡಿ, ಅಂಕಿಗಳಲ್ಲಿ ಲೋಪವಿದ್ದರೂ ಲಸಿಕೆಯಿಂದ ರೋಗ ಬರುವುದು ಕಡಿಮೆಯಾಗುತ್ತದೆ, ಸಾವು ಇನ್ನೂ ಕಡಿಮೆಯಾಗುತ್ತದೆ, ಆದರೆ ಪೂರ್ತಿ ರಕ್ಷಣೆ ಸಿಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಶಾಲೆ ತೆರೆಯಿತು. ಹಾಫ್ಕಿನ್ ಅದರ ಮುಖ್ಯಸ್ಥರಾದರು.

ಆಮೇಲೆ ನಡೆದದ್ದು ಮಲ್ಕೋವಾಲ್. 1902ರಲ್ಲಿ ಪಂಜಾಬ್ ಸರ್ಕಾರ ಬಹಳ ದೊಡ್ಡ ಪ್ರಮಾಣದಲ್ಲಿ ಲಸಿಕೆ ಕೇಳಿತು. ಬೇಗ ತಯಾರಿಸಲು ಹಾಫ್ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಶಾಖದಿಂದ ಶುದ್ಧಿ ಮಾಡುವ, ಪಾಶ್ಚರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದ ಕ್ರಮಕ್ಕೆ ಬಂದರು. ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಮಲ್ಕೋವಾಲ್ ಹಳ್ಳಿಯಲ್ಲಿ 107 ಜನಕ್ಕೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನಕ್ಕೆ ಧನುರ್ವಾಯು ಬಂದು ಎಲ್ಲರೂ ಸತ್ತರು. ಹತ್ತೊಂಬತ್ತು ಜನಕ್ಕೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ಅದರ ಮೇಲೆ 53ಎನ್ ಎಂಬ ನಂಬರ್ ಇತ್ತು.

ಉಳಿದ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ವಿಚಾರಣಾ ಆಯೋಗ ಮಾತ್ರ ಬಾಟಲಿ ಮುಂಬೈಯಿಂದಲೇ ಕೆಟ್ಟು ಬಂದಿದೆ, ಆಮ್ಲ ಬಿಟ್ಟದ್ದೇ ತಪ್ಪು ಎಂದು ಬರೆಯಿತು. ಹಾಫ್ಕಿನ್‌ರನ್ನು ಹುದ್ದೆಯಿಂದ ಸರಿಸಿದರು. ಅವರು 1904ರಲ್ಲಿ ಯುರೋಪಿಗೆ ಮರಳಿದರು. ಆದರೆ ಹಳ್ಳಿಯಲ್ಲಿ ಏನಾಯಿತು ಎಂಬ ಸಾಕ್ಷ್ಯ ಕಡತದಲ್ಲೇ ಇತ್ತು. ಆ ದಿನ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಅದರಿಂದಲೇ 53ಎನ್ ಬಾಟಲಿಯ ಬಿರಡೆ ತೆಗೆದಿದ್ದ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಇರುತ್ತದೆ. ಮುಂಬೈಯಲ್ಲೇ ಅದು ಸೇರಿದ್ದರೆ ಅಷ್ಟು ದಿನಗಳಲ್ಲಿ ಬೆಳೆದು ಬಾಟಲಿ ನಾರಬೇಕಿತ್ತು; ತೆರೆದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಇಷ್ಟೆಲ್ಲ ಕಾಗದದಲ್ಲಿದ್ದೂ ಒಬ್ಬ ಮನುಷ್ಯನ ಹೆಸರು ಕೆಡಿಸಿ ಕೂತರು. ವರದಿಯನ್ನು ಬಹುಕಾಲ ಹೊರಗೆ ಬಿಡಲೇ ಇಲ್ಲ.

ಹಾಫ್ಕಿನ್ ಸುಮ್ಮನೆ ಕೂರಲಿಲ್ಲ, ವರ್ಷಗಟ್ಟಲೆ ಪತ್ರ ಬರೆದರು. ಕೊನೆಗೆ ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ತೋರಿಸಿದ ರೊನಾಲ್ಡ್ ರಾಸ್ ಅವರ ಪರ ನಿಂತರು. 1907ರ ಜುಲೈಯಲ್ಲಿ ಹತ್ತು ವಿಜ್ಞಾನಿಗಳು ಸೇರಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು, ಈ ಆರೋಪ ಸಾಬೀತಾಗಿಲ್ಲ ಅಷ್ಟೇ ಅಲ್ಲ, ಸುಳ್ಳೆಂದು ಸಾಬೀತಾಗಿದೆ ಎಂಬ ಅರ್ಥದಲ್ಲಿ ವಾದಿಸಿದರು. ಅದೇ ವರ್ಷದ ಕೊನೆಗೆ ಸರ್ಕಾರ ಅವರನ್ನು ದೋಷಮುಕ್ತರೆಂದು ಒಪ್ಪಿ ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ಕರೆದದ್ದು ಕಲ್ಕತ್ತಾಕ್ಕೆ. ಮುಂಬೈಯ ಅವರ ಪ್ರಯೋಗಶಾಲೆ ಅವರಿಗೆ ತಿರುಗಿ ಸಿಗಲಿಲ್ಲ. ಜನರ ಮೇಲೆ ಹೊಸ ಲಸಿಕೆ ಪ್ರಯೋಗಿಸುವ ಕೆಲಸವನ್ನೂ ಅವರಿಗೆ ಕೊಡಲಿಲ್ಲ. ಐವತ್ತೈದರ ಹೊತ್ತಿಗೆ ನಿವೃತ್ತರಾಗಿ ಫ್ರಾನ್ಸಿಗೆ ಹೋದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ನಾನು ಓದಿದ ಕಡೆಯೆಲ್ಲ ಬಾಟಲಿಯ ನಂಬರ್ ಇದೆ, ವೈದ್ಯರ ಹೆಸರಿದೆ, ಆಯೋಗದ ಚರ್ಚೆ ಇದೆ. ಸತ್ತ ಹತ್ತೊಂಬತ್ತು ಜನರ ಹೆಸರು ಎಲ್ಲೂ ಕಾಣಲಿಲ್ಲ. ಅವರೂ ನಂಬಿ ತೋಳು ಚಾಚಿದವರೇ. ಹಾಫ್ಕಿನ್‌ಗೆ ಕೊನೆಗಾದರೂ ನ್ಯಾಯ ಸಿಕ್ಕಿತು ಎಂದು ಬರೆಯುವಾಗ ಆ ಹಳ್ಳಿಯವರಿಗೆ ಏನು ಸಿಕ್ಕಿತು ಎಂದು ನನಗೆ ಕೇಳಬೇಕೆನಿಸುತ್ತದೆ.

ಹಾಫ್ಕಿನ್ ಮದುವೆಯಾಗಲಿಲ್ಲ. ವಯಸ್ಸಾದಂತೆ ತಮ್ಮ ಧರ್ಮದ ಆಚರಣೆಗೆ ಹೆಚ್ಚು ಹತ್ತಿರವಾದರು. ಮುಂಬೈಯಿಂದ 1897ರಿಂದ 1925ರವರೆಗೆ 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಗೆ ಹೋಯಿತು. 1925ರಲ್ಲಿ ಆ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟಾಗ, ತಮ್ಮ ಜೀವನದ ಒಳ್ಳೆಯ ವರ್ಷಗಳೆಲ್ಲ ಮುಂಬೈಯ ಆ ಕೆಲಸಕ್ಕೇ ಹೋದವು ಎಂದು ಅವರು ಸಂಸ್ಥೆಯ ನಿರ್ದೇಶಕರಿಗೆ ಬರೆದು ತಿಳಿಸಿದರು. ತಮ್ಮ ದುಡ್ಡನ್ನೆಲ್ಲ ಪೂರ್ವ ಯುರೋಪಿನ ಯಹೂದಿ ಧಾರ್ಮಿಕ ಶಾಲೆಗಳಿಗೆ, ನಮ್ಮಲ್ಲಿ ಮದರಸಾಗಳಿಗೆ ವಕ್ಫ್ ಮಾಡುತ್ತಾರಲ್ಲ ಹಾಗೆ, ಬಿಟ್ಟುಹೋದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. 1964ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ತಂದಿತು.