ಕಡಲಾಳಕ್ಕೆ ಉಸಿರು ಕೊಂಡೊಯ್ದ ಕುಸ್ತೋ

ಸಾಗರದೊಡಲಿನ ಲೋಕವನ್ನು ಜನಸಾಮಾನ್ಯರ ಕಣ್ಣೆದುರು ತೆರೆದಿಟ್ಟ ಹೆಗ್ಗಳಿಕೆ ಫ್ರಾನ್ಸ್‌ನ ಜಾಕ್ ಈವ್ ಕುಸ್ತೋ ಅವರದು. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುವ ಪ್ರವಾಸಿಗರು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಇಂದಿಗೂ ಅವರು ಬಳಕೆಗೆ ತಂದ ತತ್ತ್ವದ ಮೇಲೆಯೇ ಕೆಲಸ ಮಾಡುತ್ತದೆ. ಆ ಸಾಧನ ಕೈಗೂಡುವ ಮುನ್ನವೂ ಅನಂತರವೂ ಅವರು ಹಲವು ಬಾರಿ ಸಾವಿನ ದವಡೆಯಿಂದ ಪಾರಾಗಬೇಕಾಯಿತು.

ಕುಸ್ತೋ ಜನಿಸಿದ್ದು 1910ರ ಜೂನ್ 11ರಂದು, ಬೋರ್ಡೋ ನಗರದ ಸಮೀಪದ ಸೇಂಟ್ ಆಂಡ್ರೆ ದ ಕುಬ್ಜಾಕ್ ಎಂಬ ಊರಿನಲ್ಲಿ. 1930ರಲ್ಲಿ ನೌಕಾ ಅಕಾಡೆಮಿ ಸೇರಿದ ಅವರಿಗೆ ವಿಮಾನ ಚಾಲಕನಾಗುವ ಹಂಬಲವಿತ್ತು. 1936ರ ಕಾರು ಅಪಘಾತದಲ್ಲಿ ಎರಡೂ ತೋಳುಗಳು ಮುರಿದು ಆ ಕನಸು ನುಚ್ಚುನೂರಾಯಿತು. ಕೈಗಳಿಗೆ ಬಲ ಬರಲೆಂದು ತುಲೋನ್‌ನ ಕಡಲಲ್ಲಿ ಈಜತೊಡಗಿದರು. ಅದೇ ವರ್ಷ ಸಹೋದ್ಯೋಗಿ ಫಿಲಿಪ್ ತೈಯೆ ಕೊಟ್ಟ ಈಜುಗನ್ನಡಕ ಧರಿಸಿ ನೀರಿನೊಳಗೆ ಕಣ್ಣು ಹಾಯಿಸಿದ ಕ್ಷಣ ಅವರ ಬದುಕಿನ ದಿಕ್ಕೇ ಬದಲಾಯಿತು. ಮುಂದೆ ಫ್ರೆಡೆರಿಕ್ ದ್ಯುಮಾ ಜತೆಗೂಡಿ ಮೂವರ ತಂಡ ರೂಪುಗೊಂಡಿತು.

ಕನ್ನಡಕಕ್ಕೆ ಒಂದು ಮಿತಿಯಿತ್ತು. ಆಳಕ್ಕಿಳಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಆಳದಲ್ಲಿ ಅದು ಮೇಲ್ಮೈಗಿಂತ ಇಮ್ಮಡಿ. ಮೂಗು ಹೊರಗುಳಿಯುವ ಕನ್ನಡಕದೊಳಗೆ ಗಾಳಿ ತುಂಬಿ ಒತ್ತಡ ಸರಿದೂಗಿಸಲಾಗದು. ಗಾಜು ಕಣ್ಣುಗಳನ್ನು ಹಿಂಡುತ್ತದೆ. ಮೂಗನ್ನೂ ಒಳಗೊಂಡ ಮುಖವಾಡವೇ ಇದಕ್ಕೆ ಪರಿಹಾರ. ಕಾಲಿಗೆ ತೊಡುವ ರಬ್ಬರ್ ಫಿನ್‌ಗಳಿಗೆ ಫ್ರಾನ್ಸ್‌ನವರೇ ಆದ ಲೂಯಿ ದ ಕಾರ್ಲಿಯು 1933ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಉಸಿರುಕೊಳವೆಯಿಂದ ಮೇಲ್ಮೈಯಲ್ಲಿ ತೇಲಬಹುದಿತ್ತೇ ಹೊರತು ಆಳಕ್ಕೆ ಅದು ನಿರುಪಯೋಗಿ. ಕೊಳವೆಯನ್ನು ಎಷ್ಟೇ ಉದ್ದ ಮಾಡಿದರೂ ನೀರಿನ ಒತ್ತಡಕ್ಕೆ ಸಿಕ್ಕ ಎದೆಗೂಡು ಮೇಲಿನ ಗಾಳಿಯನ್ನು ಒಳಗೆಳೆಯಲಾರದು.

ಹಾಗಾಗಿ ಉಸಿರನ್ನು ಜತೆಗೇ ಒಯ್ಯಬೇಕಿತ್ತು. ಮೊದಲು ಶುದ್ಧ ಆಮ್ಲಜನಕದ ಸಾಧನವನ್ನು ಪ್ರಯೋಗಿಸಿದ ಕುಸ್ತೋ ಎರಡು ಬಾರಿ ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಳ್ಳುವುದರಲ್ಲಿದ್ದರು. ಆಳದ ಒತ್ತಡದಲ್ಲಿ ಶುದ್ಧ ಆಮ್ಲಜನಕವೇ ವಿಷವಾಗುತ್ತದೆಂಬುದು ಅವರಿಗೆ ಸ್ವಾನುಭವದಿಂದ ಮನದಟ್ಟಾಯಿತು.

ದಾರಿ ತೆರೆದುಕೊಂಡಿದ್ದು ಯುದ್ಧಕಾಲದ ಅಭಾವದಲ್ಲಿ. 1937ರಲ್ಲಿ ಅವರ ಕೈಹಿಡಿದ ಸಿಮೋನ್ ಅವರ ತಂದೆ ಏರ್ ಲಿಕ್ವಿಡ್ ಕಂಪನಿಯಲ್ಲಿದ್ದರು. ಆ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್, ಪೆಟ್ರೋಲ್ ಸಿಗದ ದಿನಗಳಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲೆಂದು ಒಂದು ಕವಾಟವನ್ನು ರೂಪಿಸಿದ್ದರು. 1942ರ ಡಿಸೆಂಬರ್‌ನಲ್ಲಿ ಇಬ್ಬರೂ ಭೇಟಿಯಾದರು. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಒದಗಿಸುವಂತೆ ಆ ಕವಾಟವನ್ನು ಮಾರ್ಪಡಿಸಲಾಯಿತು. ಮಾರ್ನ್ ನದಿಯ ಮೊದಲ ಪರೀಕ್ಷೆಯಲ್ಲಿ ನೆಟ್ಟಗೆ ನಿಂತರೆ ಗಾಳಿ ಪೋಲಾಗುತ್ತಿತ್ತು, ತಲೆಕೆಳಗಾದರೆ ಉಸಿರು ಕಟ್ಟುತ್ತಿತ್ತು. ಉಸಿರು ಹೊರಹೋಗುವ ದ್ವಾರವನ್ನು ಒಳಬರುವ ದ್ವಾರದ ಮಟ್ಟಕ್ಕೇ ತಂದೊಡನೆ ದೋಷ ನಿವಾರಣೆಯಾಯಿತು.

1943ರ ಜೂನ್‌ನಲ್ಲಿ ಕುಸ್ತೋ ಹೊಸ ಸಾಧನದೊಡನೆ ಮೆಡಿಟರೇನಿಯನ್ ಸಮುದ್ರಕ್ಕಿಳಿದರು. ಸಿಮೋನ್ ಉಸಿರುಕೊಳವೆ ಧರಿಸಿ ಮೇಲಿನಿಂದ ಅವರ ಮೇಲೆ ಕಣ್ಣಿಟ್ಟಿದ್ದರು. ಕೆಳಗೆ ಕುಸ್ತೋ ಮಗುವಿನಂತೆ ಲಾಗ ಹಾಕುತ್ತಿದ್ದರು. ಹೇಗೆ ತಿರುಗಿದರೂ ಉಸಿರು ಸರಾಗವಾಗಿತ್ತು.

ಆದರೆ ಅಪಾಯ ದೂರವಾಗಿರಲಿಲ್ಲ. 1946ರಲ್ಲಿ ವೋಕ್ಲೂಸ್ ಚಿಲುಮೆಯ ಗವಿಯಾಳದಲ್ಲಿ ಕುಸ್ತೋ, ದ್ಯುಮಾ ಇಬ್ಬರಿಗೂ ಮಂಪರು ಕವಿಯಿತು. ಪ್ರಜ್ಞೆ ತಪ್ಪುತ್ತಿದ್ದ ದ್ಯುಮಾರನ್ನು ಕುಸ್ತೋ ಎಳೆದುಕೊಂಡೇ ಮೇಲೇರಬೇಕಾಯಿತು. ದಡದಲ್ಲಿದ್ದ ಮೊರಿಸ್ ಫಾರ್ಗ್ ಹಗ್ಗ ಜಗ್ಗಿ ಅವರನ್ನು ಉಳಿಸಿದರು. ಗಾಳಿ ತುಂಬುವ ಯಂತ್ರ ತಾನೇ ಉಗುಳಿದ ಹೊಗೆಯನ್ನು ಸೆಳೆದು ಸಿಲಿಂಡರಿಗೆ ಕಾರ್ಬನ್ ಮಾನಾಕ್ಸೈಡ್ ತುಂಬಿತ್ತೆಂಬುದು ಬಳಿಕ ಪತ್ತೆಯಾಯಿತು. ವಿಧಿಯ ಕ್ರೌರ್ಯವೆಂದರೆ, ಮರುವರ್ಷ ಅದೇ ಫಾರ್ಗ್ 120 ಮೀಟರ್ ಆಳದ ದಾಖಲೆಗೆ ಯತ್ನಿಸಿ ಅಸುನೀಗಿದರು. ಉಪಕರಣ ಉತ್ತಮವಾಗಿದ್ದರೂ ಮನುಷ್ಯದೇಹದ ಮಿತಿ ಮಿತಿಯೇ.

1951ರಿಂದ ಕಲಿಪ್ಸೋ ಹಡಗು ಅವರ ತೇಲುವ ಮನೆಯಾಯಿತು. 1956ರ 'ಮೌನ ಲೋಕ' ಚಿತ್ರ ಕಾನ್‌ನಲ್ಲಿ ಅತ್ಯುನ್ನತ ಪ್ರಶಸ್ತಿಯನ್ನೂ ನಂತರ ಆಸ್ಕರ್ ಅನ್ನೂ ಗಳಿಸಿತು. ಮೀನು ಎಣಿಸಲು ಹವಳದಿಬ್ಬಕ್ಕೆ ಸಿಡಿಮದ್ದು ಇಟ್ಟ ದೃಶ್ಯವೂ ಅದರಲ್ಲಿದ್ದುದು ಇಂದಿಗೂ ಟೀಕೆಗೆ ಗುರಿ. ಅದೇ ಕುಸ್ತೋ 1960ರಲ್ಲಿ ಮೆಡಿಟರೇನಿಯನ್‌ಗೆ ಅಣುತ್ಯಾಜ್ಯ ಸುರಿಯುವ ಯೋಜನೆಯನ್ನು ವಿರೋಧಿಸಿದರು, 1973ರಲ್ಲಿ ಸಾಗರ ಸಂರಕ್ಷಣೆಗೆಂದೇ ಸಂಸ್ಥೆ ಕಟ್ಟಿದರು. 1979ರಲ್ಲಿ ಮಗ ಫಿಲಿಪ್ ವಿಮಾನಾಪಘಾತಕ್ಕೆ ಬಲಿಯಾದದ್ದು, 1990ರಲ್ಲಿ ಸಿಮೋನ್ ಅಗಲಿದ್ದು ಅವರ ಕೊನೆಯ ದಶಕಗಳನ್ನು ಕಾಡಿದ ನೋವುಗಳು. 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ ನಿಧನರಾದ ಅವರ ಸಮಾಧಿ ಹುಟ್ಟೂರಿನಲ್ಲಿಯೇ ಇದೆ.

ಕಡಲಿಗಿಳಿಯುವವರಿಗೆ ಈ ಜೀವನಗಾಥೆ ಬಿಟ್ಟುಹೋದ ಪಾಠ ಸರಳ. ಮುಖವಾಡವನ್ನು ಪಟ್ಟಿ ಕಟ್ಟದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಅದು ಅಂಟಿ ನಿಲ್ಲಬೇಕು; ಫಿನ್ ಕಾಲನ್ನು ಕಚ್ಚಬಾರದು, ಜಾರಲೂಬಾರದು; ಸಿಲಿಂಡರಿನ ಗಾಳಿ ವಾಸನೆಯಿಲ್ಲದ ಶುದ್ಧ ಗಾಳಿಯಾಗಿರಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲವಾದ್ದರಿಂದ, ಅದನ್ನು ತುಂಬುವವರು ನಂಬಿಕಸ್ಥರಾಗಿರಬೇಕು. ಈ ಒಂದೊಂದು ಎಚ್ಚರಿಕೆಯ ಹಿಂದೆಯೂ ಯಾರೋ ತೆತ್ತ ಬೆಲೆಯಿದೆ.