ಬೆರಳ ತುದಿಯ ಗುಟ್ಟು: ಗಿಟಾರ್ ತಯಾರಕ ಆಂಟೋನಿಯೊ ಡೆ ತೋರೆಸ್

ತರೀಕೆರೆ ಸಮೀಪದ ಅಮೃತಾಪುರಕ್ಕೆ ಹೋದವರು ಅಲ್ಲಿನ ಅಮೃತೇಶ್ವರ ದೇವಾಲಯದ ಮಂಟಪದಲ್ಲಿ ತಲೆಯೆತ್ತಿ ನೋಡದೆ ಹಿಂದಿರುಗುವುದಿಲ್ಲ. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಈ ದೇವಾಲಯದ ಛಾವಣಿಯ ಕೆತ್ತನೆಯಲ್ಲಿ ರೂವಾರಿ ಮಲ್ಲಿತಮ್ಮನ ಕೈಕೆಲಸವಿದೆ. ಅವನು ಕೆಲಸ ಆರಂಭಿಸಿದ್ದು ಇಲ್ಲಿ. ಮುಂದೆ ಸುಮಾರು 60 ವರ್ಷ ಉಳಿ ಹಿಡಿದು, ಹಲವೆಡೆ ಕಲ್ಲಿನ ಮೇಲೆ ತನ್ನ ಹೆಸರನ್ನೂ ಕೆತ್ತಿದ. ಹೆಸರೇನೋ ಉಳಿಯಿತು. ಆದರೆ ಅವನು ಕಲ್ಲನ್ನು ಹೇಗೆ ಆರಿಸುತ್ತಿದ್ದ, ಮನೆಯಲ್ಲಿ ಎಂಥ ಮನುಷ್ಯನಾಗಿದ್ದ ಎಂಬುದನ್ನು ಬರೆದಿಟ್ಟವರಿಲ್ಲ.

ಆ ಛಾವಣಿಯ ಕೆಳಗೆ ನಿಂತಾಗ ನಮಗೆ ನೆನಪಾದವರು ಸ್ಪೇನ್ ದೇಶದ ಇನ್ನೊಬ್ಬ ಕುಶಲಕರ್ಮಿ, ಆಂಟೋನಿಯೊ ಡೆ ತೋರೆಸ್. ಶಾಸ್ತ್ರೀಯ ಗಿಟಾರಿನ ಇಂದಿನ ರೂಪ ಬಹುಮಟ್ಟಿಗೆ ಅವರು ಕೊಟ್ಟದ್ದು. ನಮ್ಮ ಗಾಯನ ಮಂಡಳಿಗಳಲ್ಲಿ ನೈಲಾನ್ ತಂತಿಯ ಗಿಟಾರ್ ನುಡಿಸುವ ಯುವಜನರು ಕೂಡಾ, ತಿಳಿಯದೆಯೇ, ಅವರಿಗೆ ಋಣಿಗಳು. ತೋರೆಸರ ಪುಣ್ಯವೆಂದರೆ, ಅವರ ಕೆಲಸವನ್ನು ಹತ್ತಿರದಿಂದ ಕಂಡು ಬರೆದಿಟ್ಟವರೊಬ್ಬರಿದ್ದರು. ಅವರು ಒಬ್ಬ ಧರ್ಮಗುರು.

ತೋರೆಸ್ ಹುಟ್ಟಿದ್ದು 1817ರಲ್ಲಿ, ಅಲ್ಮೆರಿಯಾ ಪಟ್ಟಣದ ಬಳಿ. ಹನ್ನೆರಡನೆಯ ವಯಸ್ಸಿಗೇ ಬಡಗಿಯ ಕೆಲಸಕ್ಕೆ ಸೇರಿದರು. ಚಿಕ್ಕ ಪ್ರಾಯದಲ್ಲೇ ಮದುವೆಯಾಗಿ, ಹೆಂಡತಿಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಮಣ್ಣಿಗೆ ಕೊಟ್ಟು, ಸೆವಿಲ್ ನಗರ ಸೇರಿ ಗಿಟಾರ್ ತಯಾರಿಗೆ ಕೈಹಾಕಿದರು. ಹೆಸರಾಂತ ವಾದಕ ಹುಲಿಯಾನ್ ಅರ್ಕಾಸ್ ಸಲಹೆ ನೀಡುತ್ತಿದ್ದರು. 1858ರಲ್ಲಿ ಅಲ್ಲಿನ ವಸ್ತುಪ್ರದರ್ಶನದಲ್ಲಿ ಪದಕವೂ ಬಂತು.

ಗಿಟಾರಿನ ಒಡಲನ್ನು ಅವರು ದೊಡ್ಡದು ಮಾಡಿದರು. ಮೇಲಿನ ಹಲಗೆಯನ್ನು ತೆಳ್ಳಗೆ ಹೆರೆದು, ಅದರ ಒಳಬದಿಗೆ ಬೀಸಣಿಗೆಯ ಕಡ್ಡಿಗಳಂತೆ ಸಾಮಾನ್ಯವಾಗಿ ಏಳು ಪಟ್ಟಿಗಳನ್ನು ಅಂಟಿಸಿದರು. ಬೀಸಣಿಗೆ ಪಟ್ಟಿ ಅವರಿಗಿಂತ ಮೊದಲೂ ಇತ್ತು. ಅದನ್ನು ಹದಕ್ಕೆ ತಂದವರು ಅವರು. ಸ್ವರ ಹುಟ್ಟುವುದು ಮೇಲು ಹಲಗೆಯಿಂದಲೇ ಎಂದು ತೋರಿಸಲು 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಬರೀ ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿದರು! ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. (ಇಂದು ಗಿಟಾರಿನ ಆ ಭಾಗಗಳಿಗೆ ನಮ್ಮ ಮಲೆನಾಡಿನಲ್ಲಿ ಬೆಳೆಯುವ ಬೀಟೆ ಮರಕ್ಕೆ ಎಲ್ಲೆಡೆ ಬೇಡಿಕೆ.)

ಇಷ್ಟಾದರೂ ಹೊಟ್ಟೆ ತುಂಬಲಿಲ್ಲ. 1869ರಲ್ಲಿ ತರುಣ ತಾರ್ರೆಗ ಸೆವಿಲ್‌ಗೆ ಬಂದು ಅವರ ಗಿಟಾರ್ ಕೊಂಡುಹೋದರು. ಅದರ ಹಿಂದೆಯೇ ತೋರೆಸ್ ಕಸುಬು ಬಿಟ್ಟು, ಊರಿಗೆ ಮರಳಿ ಪಿಂಗಾಣಿ ಪಾತ್ರೆಗಳ ಅಂಗಡಿ ತೆರೆದರು. ಆದರೆ ಕೈ ಸುಮ್ಮನಿರಲಿಲ್ಲ. 1875ರ ಸುಮಾರಿಗೆ ಮತ್ತೆ ಹಲಗೆ ಹಿಡಿದರು. ಎರಡನೆಯ ಹೆಂಡತಿಯೂ 1883ರಲ್ಲಿ ತೀರಿಕೊಂಡ ಮೇಲೆ ಗಿಟಾರೇ ಅವರ ದಿನಚರಿಯಾಯಿತು.

ಆ ಕೊನೆಯ ವರ್ಷಗಳಲ್ಲಿ ಅವರ ಕೆಲಸಕ್ಕೆ ನೆರವಾದವರು ಹುವಾನ್ ಮಾರ್ತಿನೆಸ್ ಸಿರ್ವೆಂತ್. ಅವರು ಮುಂದೆ 1931ರಲ್ಲಿ ಬರೆದ ಪತ್ರದಲ್ಲಿ ಒಂದು ಊಟದ ಪ್ರಸಂಗವಿದೆ. ಗುಟ್ಟನ್ನು ಗೋರಿಗೆ ಒಯ್ಯಬೇಡಿ, ಯಾರಿಗಾದರೂ ಹೇಳಿಕೊಡಿ ಎಂದು ಇನ್ನೊಬ್ಬ ಧರ್ಮಗುರುಗಳು ತೋರೆಸರನ್ನು ಕೇಳಿಕೊಂಡರಂತೆ. ತೋರೆಸ್ ಮುಗುಮ್ಮಾಗಲಿಲ್ಲ. ಹುವಾನ್ ಆ ಗುಟ್ಟನ್ನು ಎಷ್ಟೋ ಬಾರಿ ಕಣ್ಣಾರೆ ಕಂಡಿದ್ದಾನೆ, ಆದರೂ ಅದನ್ನು ಬಿಟ್ಟುಹೋಗುವುದು ತನ್ನಿಂದಾಗದು ಎಂದರು. ಹಲಗೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದಾಗ ಅದು ಸಾಕಷ್ಟು ತೆಳುವಾಯಿತೇ ಎಂದು ಬೆರಳ ತುದಿಯೇ ಬುದ್ಧಿಗೆ ತಿಳಿಸುತ್ತಿತ್ತು. ಗುಟ್ಟೆಂದರೆ ಅಷ್ಟೇ.

ತೋರೆಸ್ 1892ರ ನವೆಂಬರ್ 19ರಂದು ಅಲ್ಮೆರಿಯಾದಲ್ಲಿ ತೀರಿಕೊಂಡರು.